ಗಿಂಡಿ: ಕಾರ್ಮಿಕ ಸಂಘ, ಕಸುಬಿನ ತರಬೇತಿ ಮತ್ತು ಕೂಲಿ

ಗಿಂಡಿ: ಚೆನ್ನೈ ನಗರದ ದಕ್ಷಿಣಕ್ಕೆ, ಅಡ್ಯಾರ್ ನದಿ ದಾಟಿದೊಡನೆ ಸಿಗುವ ಪ್ರದೇಶ. ಕುದುರೆ ಪಂದ್ಯದ ಮೈದಾನ, ಜಿಂಕೆಗಳ ಕಾಡು, 1794ರ ಭೂಮಾಪನ ಶಾಲೆಯಿಂದ ಬೆಳೆದ ಎಂಜಿನಿಯರಿಂಗ್ ಕಾಲೇಜು ಇಲ್ಲಿವೆ. ದುಡಿಮೆಯ ಚರಿತ್ರೆಯಲ್ಲಿ ಇದಕ್ಕೆ ಹೆಸರು ಬಂದದ್ದು 1958ರಲ್ಲಿ, ಸುಮಾರು 400 ಎಕರೆಯ ಕೈಗಾರಿಕಾ ವಸಾಹತು ತಲೆ ಎತ್ತಿದ ಮೇಲೆ. ದೇಶದ ಮೊದಲ ಇಂಥ ವಸಾಹತು 1955ರಲ್ಲಿ ರಾಜ್‌ಕೋಟ್‌ನಲ್ಲಿ ಹುಟ್ಟಿತ್ತು. ಮದರಾಸು ರಾಜ್ಯಕ್ಕೆ ಗಿಂಡಿಯೇ ಮಾದರಿಯಾಯಿತು. ಸರ್ಕಾರ ಶೆಡ್ ಕಟ್ಟಿಸಿ, ನೀರು, ವಿದ್ಯುತ್ತು, ರಸ್ತೆ ಒದಗಿಸಿ ಸಣ್ಣ ಉದ್ಯಮಿಗಳನ್ನು ಕರೆದು ಕೂರಿಸಿತು. ಲೇತ್, ಮಿಲ್ಲಿಂಗ್, ಎರಕ, ಸ್ಪ್ರಿಂಗ್, ನಟ್ಟು ಬೋಲ್ಟು, ಮೋಟಾರು ವಾಹನದ ಬಿಡಿಭಾಗ ಇವು ಆ ಶೆಡ್ಡುಗಳ ಕಸುಬು.

ಕಸುಬು ಕಲಿಸುವ ಸಂಸ್ಥೆಗಳೂ ಸುತ್ತಲೇ ನೆಲೆಸಿದವು. ಸರ್ಕಾರಿ ಐಟಿಐ, ಐಟಿಐಗಳಿಗೆ ಬೋಧಕರನ್ನು ತಯಾರಿಸುವ ಕೇಂದ್ರ ಸಂಸ್ಥೆ, 1968ರಲ್ಲಿ ಆರಂಭವಾದ ಪ್ಲಾಸ್ಟಿಕ್ ತಂತ್ರಜ್ಞಾನ ಸಂಸ್ಥೆ ಸಿಪೆಟ್, ರಾಜ್ಯದ ಉದ್ಯೋಗ ಮತ್ತು ತರಬೇತಿ ನಿರ್ದೇಶನಾಲಯ ಎಲ್ಲವೂ ಒಂದು ಸುತ್ತು ನಡೆದು ಬರಬಹುದಾದಷ್ಟು ಹತ್ತಿರದಲ್ಲಿವೆ. ಕಲಿಸುವ ಮನೆಯೂ ದುಡಿಸುವ ಮನೆಯೂ ಬೆನ್ನಿಗೆ ಬೆನ್ನು ಕೊಟ್ಟು ನಿಂತ ಇಂಥ ಜಾಗಗಳು ದಕ್ಷಿಣ ಭಾರತದಲ್ಲಿ ಹೆಚ್ಚಿಲ್ಲ. ಕಾರ್ಮಿಕ ಸಂಘವು ಕೂಲಿಯನ್ನೂ ಕಲಿಕೆಯನ್ನೂ ಹೇಗೆ ಬದಲಿಸುತ್ತದೆ ಎಂದು ನೋಡಲು ಗಿಂಡಿ ತಕ್ಕ ಜಾಗವಾಗಿರುವುದು ಇದರಿಂದಲೇ.

ಹೆಸರಿನ ಹಿಂದಿನ ಚರಿತ್ರೆ

ವಸಾಹತಿನ ಅಧಿಕೃತ ಹೆಸರು ತಿರು. ವಿ. ಕ. ಕೈಗಾರಿಕಾ ವಸಾಹತು. ಹೆಸರು ಯಾವ ಉದ್ಯಮಿಯದೂ ಅಲ್ಲ, ಮಂತ್ರಿಯದೂ ಅಲ್ಲ, ಒಬ್ಬ ಕಾರ್ಮಿಕ ನಾಯಕನದು. ತಿರುವಾರೂರು ವಿ. ಕಲ್ಯಾಣಸುಂದರಂ (1883–1953) ತಮಿಳು ಗದ್ಯಕ್ಕೆ ಹೊಸ ನಡಿಗೆ ಕೊಟ್ಟ ವಿದ್ವಾಂಸ, ‘ದೇಶಭಕ್ತನ್’ ಮತ್ತು ‘ನವಶಕ್ತಿ’ ಪತ್ರಿಕೆಗಳ ಸಂಪಾದಕ. 1918ರ ಏಪ್ರಿಲ್ 27ರಂದು ಹುಟ್ಟಿದ ಮದ್ರಾಸ್ ಲೇಬರ್ ಯೂನಿಯನ್ ಕಟ್ಟುವಲ್ಲಿ ಬಿ. ಪಿ. ವಾಡಿಯಾ, ಸೆಲ್ವಪತಿ ಚೆಟ್ಟಿ, ರಾಮಾನುಜುಲು ನಾಯ್ಡು ಅವರೊಂದಿಗೆ ನಿಂತವರು. ಭಾರತದ ಮೊದಲ ಕ್ರಮಬದ್ಧ ಕಾರ್ಮಿಕ ಸಂಘ ಎಂದು ಚರಿತ್ರಕಾರರು ಸಾಮಾನ್ಯವಾಗಿ ಎಣಿಸುವುದು ಇದನ್ನೇ.

ಪೆರಂಬೂರಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳು ಆ ಸಂಘದ ಹುಟ್ಟುನೆಲ. ಆಡಳಿತ ನಡೆಸುತ್ತಿದ್ದುದು ಬಿನ್ನಿ ಕಂಪನಿ. ಬೆಂಗಳೂರಿನವರಿಗೆ ಬಿನ್ನಿಮಿಲ್ ಎಂದು ಪರಿಚಿತವಾದ ಗಿರಣಿಯೂ ಇದೇ ಕಂಪನಿಯದು. ಕಾರ್ಮಿಕರು ಮೊದಲು ಕೇಳಿದ ವಿಷಯಗಳಲ್ಲಿ ಮಧ್ಯಾಹ್ನದ ಊಟದ ಬಿಡುವು ಒಂದು: 30 ನಿಮಿಷ ಸಾಲದು, 40 ಬೇಕು. ಇಷ್ಟು ಸಣ್ಣ ಕೋರಿಕೆಯಿಂದ ಹೊರಟ ಜಗಳ ಹೈಕೋರ್ಟಿಗೆ ಮುಟ್ಟಿತು. ನೌಕರಿಯ ಕರಾರು ಮುರಿಯಲು ಕಾರ್ಮಿಕರನ್ನು ಪ್ರೇರೇಪಿಸಿದರೆಂದು ಕಂಪನಿ ವಾಡಿಯಾ ಮೇಲೆ ದಾವೆ ಹೂಡಿ ತಡೆಯಾಜ್ಞೆ ತಂದಿತು. ಸಂಘ ಕಟ್ಟುವುದೇ ಅಪರಾಧವಾಗುವುದಾದರೆ ಉಳಿದ ಹಕ್ಕುಗಳ ಮಾತೆಲ್ಲಿ? ಈ ಪ್ರಕರಣದ ಬಿಸಿಯಲ್ಲಿ ಎನ್. ಎಂ. ಜೋಶಿ ಕೇಂದ್ರ ಶಾಸನಸಭೆಯಲ್ಲಿ ಕಾನೂನಿಗಾಗಿ ಒತ್ತಾಯಿಸಿದರು. ಅದರ ಫಲ 1926ರ ಕಾರ್ಮಿಕ ಸಂಘಗಳ ಕಾಯಿದೆ.

ವಸಾಹತು ಕಟ್ಟಿದ ಕಾಲದಲ್ಲಿ ಕೈಗಾರಿಕಾ ಸಚಿವರಾಗಿದ್ದವರು ಆರ್. ವೆಂಕಟರಾಮನ್, ಮುಂದೆ ರಾಷ್ಟ್ರಪತಿ. ಅವರೂ ಕಾರ್ಮಿಕರ ಪರ ವಾದಿಸುತ್ತ ಬಂದ ವಕೀಲರು. 1949ರಲ್ಲಿ ‘ಲೇಬರ್ ಲಾ ಜರ್ನಲ್’ ಆರಂಭಿಸಿದವರು. ಕೈಗಾರಿಕೆ ತರುವುದಕ್ಕೂ ಕಾರ್ಮಿಕನ ಹಕ್ಕನ್ನು ಬರೆದಿಡುವುದಕ್ಕೂ ವಿರೋಧವಿಲ್ಲ ಎಂದು ನಂಬಿದ ತಲೆಮಾರು ಗಿಂಡಿಯ ಅಡಿಗಲ್ಲಿನಲ್ಲಿದೆ. ಈಗಿನ ಮಾತುಕತೆಯಲ್ಲಿ ಇದು ಮರೆತುಹೋಗಿರುವುದು ನೋವಿನ ಸಂಗತಿ.

ಕೂಲಿ ನಿಗದಿಯಾಗುವ ಬಗೆ

ಚೆನ್ನೈಯ ಕಾರ್ಖಾನೆ ಗೇಟುಗಳಲ್ಲಿ ‘ಟ್ವೆಲ್ವ್ ತ್ರೀ’, ‘ಎಯ್ಟೀನ್ ಒನ್’ ಎಂಬ ಮಾತು ಕಿವಿಗೆ ಬೀಳುತ್ತಿರುತ್ತದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯಿದೆಯ ಸೆಕ್ಷನ್‌ಗಳು ಹೀಗೆ ಆಡುಮಾತಾಗಿವೆ. ಸಂಘವೂ ಆಡಳಿತವೂ ತಾವೇ ಕೂತು ಮಾಡಿಕೊಂಡ ಒಪ್ಪಂದ 18(1). ಅದು ಸಹಿ ಹಾಕಿದವರನ್ನು ಮಾತ್ರ ಕಟ್ಟುತ್ತಿತ್ತು. ಕಾರ್ಮಿಕ ಇಲಾಖೆಯ ರಾಜಿ ಅಧಿಕಾರಿಯ ಮುಂದೆ ಆದದ್ದು 12(3). ಅದು ಕಾರ್ಖಾನೆಯ ಪ್ರತಿಯೊಬ್ಬ ಕಾರ್ಮಿಕನಿಗೂ, ನಾಳೆ ಬಂದು ಸೇರುವವನಿಗೂ ಅನ್ವಯವಾಗುತ್ತಿತ್ತು. ಸಂಘದ ಸದಸ್ಯನಲ್ಲದವನಿಗೂ ಸಂಘ ಗಳಿಸಿದ ಕೂಲಿ ದಕ್ಕುತ್ತಿದ್ದುದು ಈ ಎರಡನೆಯ ದಾರಿಯಿಂದ.

ಒಪ್ಪಂದ ಹೆಚ್ಚಾಗಿ ಮೂರು ನಾಲ್ಕು ವರ್ಷದ್ದು. ಅದರಲ್ಲಿ ಮೂಲವೇತನ, ಬೆಲೆ ಸೂಚ್ಯಂಕದೊಂದಿಗೆ ಏರುವ ತುಟ್ಟಿಭತ್ಯೆ, ಮನೆಬಾಡಿಗೆ, ಸೇವಾವಧಿಗೆ ತಕ್ಕ ಹೆಚ್ಚಳ, ಉತ್ಪಾದನೆಗೆ ಕಟ್ಟಿದ ಪ್ರೋತ್ಸಾಹಧನ ಎಲ್ಲವೂ ಬಿಡಿಬಿಡಿಯಾಗಿ ಬರುತ್ತವೆ. ದೀಪಾವಳಿಗೆ ಮುಂಚೆ ಬೋನಸ್ ಮಾತುಕತೆ ಬೇರೆ. 1965ರ ಬೋನಸ್ ಕಾಯಿದೆ ಗೊತ್ತುಮಾಡಿದಂತೆ ಶೇ. 8.33 ತಳ, ಶೇ. 20 ತುದಿ, ಈ ಎರಡರ ನಡುವೆ ಎಲ್ಲಿ ನಿಲ್ಲಬೇಕೆಂಬುದೇ ಚೌಕಾಸಿ. ಹೊರಗಿನವರಿಗೆ ಒಣ ಲೆಕ್ಕವಾಗಿ ಕಾಣುವ ಈ ಪತ್ರಗಳಲ್ಲಿ ತುಟ್ಟಿಭತ್ಯೆಯ ಒಂದು ಸಾಲಿಗೆ ಎಷ್ಟು ತೂಕವಿದೆ ಎಂಬುದು ಸಂಸಾರ ನಡೆಸುವವರಿಗೆ ಗೊತ್ತು. ಆ ಸಾಲು ಇಲ್ಲದಿದ್ದರೆ ಅಕ್ಕಿ ಬೇಳೆಯ ಬೆಲೆ ಏರಿದಂತೆ ಕೂಲಿ ತಾನಾಗಿ ಕರಗುತ್ತದೆ.

ಕೂಲಿ ಎಷ್ಟಿರಬೇಕು ಎಂಬುದಕ್ಕೆ ಅಳತೆಗೋಲು ಕೊಟ್ಟದ್ದು 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ. ದುಡಿಯುವವನೊಬ್ಬನ ಮನೆಯನ್ನು ಮೂರು ಬಳಕೆ ಘಟಕವೆಂದು ಹಿಡಿದು, ಘಟಕಕ್ಕೆ 2,700 ಕ್ಯಾಲೊರಿ ಆಹಾರ, ಮನೆಗೆ ವರ್ಷಕ್ಕೆ 72 ಗಜ ಬಟ್ಟೆ, ಬಾಡಿಗೆ, ಇಂಧನ ದೀಪ ಇತ್ಯಾದಿಗೆ ಶೇ. 20 ಎಂದು ಲೆಕ್ಕ ಹಾಕಿತು. ಮಕ್ಕಳ ಓದು, ಔಷಧ, ಮುಪ್ಪು, ಮದುವೆಗಳಿಗೆ ಇನ್ನೂ ಶೇ. 25 ಸೇರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು ರಾಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ, 34 ವರ್ಷಗಳ ನಂತರ.

ಏರಿಕೆಯನ್ನು ಎಲ್ಲರಿಗೂ ಒಂದೇ ಮೊತ್ತವಾಗಿ ಕೇಳುವುದು ಸಂಘಗಳ ಹಳೆಯ ಒಲವು. 10,000 ರೂಪಾಯಿ ಪಡೆಯುವ ಹೆಲ್ಪರ್‌ಗೂ 20,000 ಪಡೆಯುವ ಟೂಲ್‌ರೂಮ್ ಕೆಲಸಗಾರನಿಗೂ ತಲಾ 3,000 ಏರಿತೆನ್ನೋಣ. ಮೊದಲನೆಯವನಿಗೆ ಅದು ಶೇ. 30, ಎರಡನೆಯವನಿಗೆ ಶೇ. 15. ಸುತ್ತು ಸುತ್ತಿಗೂ ಹೀಗೆ ಆದಾಗ ಕುಶಲ, ಅಕುಶಲರ ಅಂತರ ಕುಗ್ಗುತ್ತದೆ. ನ್ಯಾಯದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ನಾಲ್ಕು ವರ್ಷ ಕಣ್ಣು ನೋಯಿಸಿಕೊಂಡು ಡೈ ಮಾಡುವುದನ್ನು ಕಲಿತವನು, ಕಲಿತದ್ದಕ್ಕೆ ಬೆಲೆ ಎಲ್ಲಿ ಎಂದು ಕೇಳುತ್ತಾನೆ. ಕೂಲಿಯ ಪ್ರಶ್ನೆ ತರಬೇತಿಯ ಪ್ರಶ್ನೆಯಾಗಿ ತಿರುಗುವುದು ಇಲ್ಲಿ.

ಕಲಿಸುವ ಖರ್ಚು ಯಾರದು

ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1964ರಲ್ಲಿ ಒಂದು ಸರಳ ತರ್ಕ ಮುಂದಿಟ್ಟರು. ಎಲ್ಲಿ ಬೇಕಾದರೂ ಸಲ್ಲುವ ಕೌಶಲವನ್ನು ಯಜಮಾನ ತನ್ನ ಖರ್ಚಿನಲ್ಲಿ ಕಲಿಸುವುದಿಲ್ಲ. ಕಲಿತವನು ನಾಳೆ ಪಕ್ಕದ ಕಾರ್ಖಾನೆಗೆ ಹೋಗಬಹುದು. ಗಿಂಡಿಯ ಸಣ್ಣ ಶೆಡ್ಡಿನ ಮಾಲೀಕನಿಗೆ ಇದನ್ನು ಯಾರೂ ಓದಿ ಹೇಳಬೇಕಿಲ್ಲ. ಊರಿಂದ ಬಂದ ಹುಡುಗನಿಗೆ ಅಳತೆಪಟ್ಟಿ ಹಿಡಿಯಲು, ಟೂಲ್ ಮಸೆಯಲು, ಮೈಕ್ರೋಮೀಟರ್ ಓದಲು ಕಲಿಸುವುದು ಶೆಡ್ಡು. ಅವನು ಟರ್ನರ್ ಆದ ದಿನ ಹೆಚ್ಚು ಸಂಬಳಕ್ಕೆ ಕರೆದುಕೊಳ್ಳುವುದು ದೊಡ್ಡ ಕಾರ್ಖಾನೆ. ದೊಡ್ಡ ಕಾರ್ಖಾನೆಯ ಸಂಬಳ ಹೆಚ್ಚಿರುವುದಕ್ಕೆ ಒಂದು ಕಾರಣ ಅಲ್ಲಿನ ಸಂಘ. ಶೆಡ್ಡಿನಲ್ಲಿ ಹತ್ತು ಹದಿನೈದು ಜನ. ಯಜಮಾನನೂ ಅವರೊಂದಿಗೇ ಎಣ್ಣೆಗೈ ಮಾಡಿಕೊಂಡು ನಿಂತಿರುತ್ತಾನೆ. ಅಲ್ಲಿ ಸಂಘ ಬೇರುಬಿಡುವುದು ಕಷ್ಟ. ಹೀಗಾಗಿ ಕಲಿಸುವ ಭಾರ ಸಂಘವಿಲ್ಲದ ಕಡೆಗೂ ಕಲಿತದ್ದರ ಫಲ ಸಂಘವಿರುವ ಕಡೆಗೂ ಹಂಚಿಹೋಗಿದೆ.

ಸಂಘ ಬಂದರೆ ತರಬೇತಿ ಹೆಚ್ಚುವುದೋ ಕಡಿಮೆಯಾಗುವುದೋ ಎಂಬುದರ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಮೆರಿಕದಲ್ಲಿ ಜೇಕಬ್ ಮಿನ್ಸರ್ 1980ರ ದಶಕದಲ್ಲಿ ಕಂಡದ್ದು ಕಡಿಮೆ ಎಂದು: ಸೇವಾ ಹಿರಿತನವೇ ಬಡ್ತಿಗೆ ಆಧಾರವಾದರೆ ಕಲಿಯುವ ತುರ್ತು ಇಳಿಯುತ್ತದೆ. 1984ರಲ್ಲಿ ಫ್ರೀಮನ್ ಮತ್ತು ಮೆಡಾಫ್ ಮುಂದಿಟ್ಟ ವಾದ ಬೇರೆ ಕಡೆಗೆ ಕೈತೋರಿಸುತ್ತದೆ: ಸಂಘವಿದ್ದಲ್ಲಿ ಕಾರ್ಮಿಕ ಸಿಟ್ಟಾದಾಗ ಕೆಲಸ ಬಿಟ್ಟು ಹೋಗುವ ಬದಲು ದೂರು ಹೇಳಿ ಉಳಿಯುತ್ತಾನೆ; ಉಳಿಯುವವನಿಗೆ ಕಲಿಸಿದ್ದು ವ್ಯರ್ಥವಾಗದು. ಅಸೆಮೊಗ್ಲು ಮತ್ತು ಪಿಶ್ಕೆ 1999ರಲ್ಲಿ ಇನ್ನೊಂದು ಹೆಜ್ಜೆ ಇಟ್ಟರು. ಕೂಲಿಯ ಅಂತರ ಕುಗ್ಗಿದಲ್ಲಿ, ಕಲಿತವನ ಉತ್ಪಾದನೆ ಏರಿದಷ್ಟು ಕೂಲಿ ಏರುವುದಿಲ್ಲ; ನಡುವಿನ ಲಾಭ ಯಜಮಾನನಿಗೆ ಉಳಿಯುವುದರಿಂದ ಅವನು ತಾನಾಗಿ ಕಲಿಸುತ್ತಾನೆ. ಎಲ್ಲರಿಗೂ ಒಂದೇ ಮೊತ್ತ ಎಂಬ ಬೇಡಿಕೆಗೆ ಗೇಟ್ ಮೀಟಿಂಗಿನಲ್ಲಿ ಯಾರೂ ಹೇಳದ ಸಮರ್ಥನೆ ಇದು. ಕೆಲಸದ ಭದ್ರತೆ ಇರುವ ಕಡೆ ಮಾತ್ರ ಈ ತರ್ಕ ನಿಲ್ಲುತ್ತದೆ ಎಂಬುದನ್ನೂ ಸೇರಿಸಬೇಕು.

ಗಿಂಡಿಮಾಣಿಯ ಪ್ರಶ್ನೆ

ಕನ್ನಡದಲ್ಲಿ ಗಿಂಡಿಮಾಣಿ ಎಂಬ ಮಾತಿದೆ. ದೊಡ್ಡವರ ಹಿಂದೆ ನೀರಿನ ಗಿಂಡಿ ಹಿಡಿದು ಓಡಾಡುವ ಹುಡುಗ, ಚಾಕರಿ ಮಾಡುತ್ತಲೇ ವಿದ್ಯೆ ಕಲಿಯಬೇಕಾದವನು. ಊರ ಹೆಸರಿಗೂ ಈ ಮಾತಿಗೂ ನಂಟು ಕಲ್ಪಿಸಬೇಕಿಲ್ಲ. ಅಪ್ರೆಂಟಿಸ್ ಎಂಬವನ ಪಾಡು ಮಾತ್ರ ಇದೇ. ಅವನು ಶಿಷ್ಯನೋ, ಆಳೋ?

1947ರ ಕಾಯಿದೆ ಕಾರ್ಮಿಕ ಎಂಬ ಪದವನ್ನು ವಿವರಿಸುವಾಗ ಅಪ್ರೆಂಟಿಸನನ್ನೂ ಸೇರಿಸಿಕೊಂಡಿತ್ತು. 1961ರ ಅಪ್ರೆಂಟಿಸ್ ಕಾಯಿದೆ ಬೇರೆ ದಾರಿ ಹಿಡಿಯಿತು. ಅದರ 18ನೇ ಸೆಕ್ಷನ್ ಪ್ರಕಾರ ಅವನು ತರಬೇತಿ ಪಡೆಯುವವನು, ಕಾರ್ಮಿಕನಲ್ಲ. ಕಾರ್ಮಿಕ ಕಾನೂನುಗಳು ಅವನಿಗೆ ಅನ್ವಯಿಸವು. ಅವನಿಗೆ ಸಿಗುವುದು ಸ್ಟೈಪೆಂಡ್, ಕೂಲಿಯಲ್ಲ. ಬೋನಸ್ ಇಲ್ಲ, ಭವಿಷ್ಯನಿಧಿ ಇಲ್ಲ. ಅವಧಿ ಮುಗಿದ ಮೇಲೆ ಕೆಲಸ ಕೊಡುವ ಹೊಣೆ ಯಜಮಾನನಿಗಿಲ್ಲ. ಅಪಘಾತ ಪರಿಹಾರ ಮತ್ತು ಕಾರ್ಖಾನೆ ಕಾಯಿದೆಯ ಆರೋಗ್ಯ, ಸುರಕ್ಷತೆ, ಕ್ಷೇಮದ ಅಧ್ಯಾಯಗಳಷ್ಟೇ ಅವನ ಪಾಲಿಗೆ ಉಳಿದವು. ಉದ್ದೇಶ ಕೆಟ್ಟದ್ದಾಗಿರಲಿಲ್ಲ. ಕಲಿಸುವ ಕಾರ್ಖಾನೆಗೆ ಕಲಿಸಿದ್ದಕ್ಕಾಗಿ ದಂಡ ಬೀಳಬಾರದೆಂಬುದು ಅದರ ಆಶಯ. ಆದರೆ ಕಡಿಮೆ ಕೂಲಿಗೆ ಕೈಗಳು ಸಿಗುವ ಬಾಗಿಲು ಒಮ್ಮೆ ತೆರೆದರೆ, ಆ ಬಾಗಿಲಿನಿಂದ ಕಲಿಯುವವರು ಮಾತ್ರ ಬರುವುದಿಲ್ಲ.

ಕಾಯಿದೆಯಡಿ ನೋಂದಾಯಿತನಾದ ಅಪ್ರೆಂಟಿಸ್ ಒಬ್ಬ. ಕಂಪನಿಯೇ ಹೆಸರಿಟ್ಟು ತೆಗೆದುಕೊಳ್ಳುವ ‘ಟ್ರೈನಿ’ ಇನ್ನೊಬ್ಬ. ಎರಡನೆಯವನಿಗೆ ಪಠ್ಯಕ್ರಮವಿಲ್ಲ, ಪರೀಕ್ಷೆಯಿಲ್ಲ, ಪ್ರಮಾಣಪತ್ರವಿಲ್ಲ. ಬೆಳಿಗ್ಗೆಯಿಂದ ಸಂಜೆವರೆಗೆ ಖಾಯಂ ಕೆಲಸಗಾರನ ಪಕ್ಕದ ಯಂತ್ರದಲ್ಲಿ ಅದೇ ಕೆಲಸ. ತಮಿಳುನಾಡಿನ 1981ರ ಖಾಯಂ ಸ್ಥಾನಮಾನ ಕಾಯಿದೆ, 24 ತಿಂಗಳಲ್ಲಿ 480 ದಿನ ದುಡಿದವನನ್ನು ಖಾಯಂ ಮಾಡಬೇಕೆನ್ನುತ್ತದೆ. ದೇಶದಲ್ಲೇ ಅಪರೂಪದ ಈ ಕಾನೂನನ್ನು ಕಾರ್ಮಿಕ ಸಂಘಗಳು ಗಟ್ಟಿಯಾಗಿ ಹಿಡಿದವು. 480ನೇ ದಿನ ಬರುವ ಮುನ್ನ ಕೆಲಸ ಬಿಡಿಸುವುದು, ಹೆಸರು ಬದಲಿಸುವುದು, ಗುತ್ತಿಗೆದಾರನ ಲೆಕ್ಕಕ್ಕೆ ಸಾಗಿಸುವುದು ಎದುರಿನ ಪಟ್ಟುಗಳಾದವು. ನಾಸಿಕದ ರಬ್ಬರ್ ಕಾರ್ಖಾನೆಯೊಂದರ ಪ್ರಕರಣದಲ್ಲಿ 2003ರಲ್ಲಿ ಸುಪ್ರೀಂ ಕೋರ್ಟ್, ಉತ್ಪಾದನೆಯನ್ನೇ ಟ್ರೈನಿಗಳಿಂದ ನಡೆಸುತ್ತಿದ್ದರೆ ಅವರು ಕಾರ್ಮಿಕರೇ ಎಂದಿತು. ಆ ದಾವೆಯ ಇನ್ನೊಂದು ಕಡೆ ನಿಂತದ್ದು ಒಂದು ಕಾರ್ಮಿಕ ಸಂಘ. ಒಂಟಿ ಟ್ರೈನಿಯೊಬ್ಬ ಅಲ್ಲಿಯವರೆಗೆ ಹೋಗಲಾರ. ಅದಕ್ಕೂ ಮುಂಚೆ, 1995ರಲ್ಲಿ, ಉತ್ತರ ಪ್ರದೇಶ ರಸ್ತೆ ಸಾರಿಗೆ ನಿಗಮದ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಉಳಿದೆಲ್ಲ ಅರ್ಹತೆ ಸಮಾನವಾಗಿದ್ದಾಗ ತರಬೇತಿ ಪಡೆದ ಅಪ್ರೆಂಟಿಸನಿಗೆ ಆದ್ಯತೆ ಕೊಡಬೇಕೆಂದು ಹೇಳಿತ್ತು.

ಸಂಘಗಳ ತಪ್ಪನ್ನೂ ಇಲ್ಲಿ ಹೇಳಬೇಕು. ಖಾಯಂ ಸದಸ್ಯರ ಕೂಲಿ ಏರಿಸಿಕೊಳ್ಳುವಾಗ, ಹೊಸದಾಗಿ ಸೇರುವವರಿಗೆ ಕೆಳಗಿನ ದರ್ಜೆ, ಉದ್ದನೆಯ ತರಬೇತಿ ಅವಧಿ ಎಂದು ಒಪ್ಪಿಕೊಂಡ ಸಂಘಗಳಿವೆ. ಸಹಿ ಹಾಕುವ ದಿನ ಗೇಟಿನ ಹೊರಗಿರುವವನಿಗೆ ಮತವಿಲ್ಲ. ಹತ್ತು ವರ್ಷ ಕಳೆಯುವುದರೊಳಗೆ ಅಂಥ ಕಾರ್ಖಾನೆಯಲ್ಲಿ ಖಾಯಂ ಕಾರ್ಮಿಕರು ಕೆಲವರಾಗಿ, ಟ್ರೈನಿಗಳೂ ಗುತ್ತಿಗೆಯವರೂ ಹಲವರಾಗಿ, ಮುಷ್ಕರದ ಕರೆಗೇ ಬಲ ಇಲ್ಲದಾಗುತ್ತದೆ.

ಯಂತ್ರ ಬದಲಾದಾಗ

ಕೈಗಾರಿಕಾ ವಿವಾದ ಕಾಯಿದೆಯ ಅನುಸೂಚಿಗಳಲ್ಲಿ ವೇತನ, ಭತ್ಯೆ, ಕೆಲಸದ ವೇಳೆ, ರಜೆ, ಬೋನಸ್, ಪಾಳಿ, ದರ್ಜೆ ವಿಂಗಡಣೆ, ಯಂತ್ರ ಸುಧಾರಣೆ ಎಂದು ವಿಷಯಗಳ ಸಾಲಿತ್ತು. ತರಬೇತಿ ಎಂಬ ಶಬ್ದ ಆ ಸಾಲಿನಲ್ಲಿರಲಿಲ್ಲ. ಆದ್ದರಿಂದ ಸಂಘ ಕಲಿಕೆಯ ವಿಷಯವನ್ನು ಪಕ್ಕದ ಬಾಗಿಲಿನಿಂದ ತರಬೇಕಾಯಿತು: ಒಂದು, ದರ್ಜೆ ವಿಂಗಡಣೆಯ ಮೂಲಕ, ಇನ್ನೊಂದು, ಯಂತ್ರ ಸುಧಾರಣೆಯ ಮೂಲಕ. ಕೆಲಸ ಕಡಿತಕ್ಕೆ ದಾರಿ ಮಾಡುವಂಥ ಯಂತ್ರ ತರುವ ಮುನ್ನ 21 ದಿನದ ನೋಟಿಸ್ ಕೊಡಬೇಕೆಂಬ ನಿಯಮವೇ ಮರುತರಬೇತಿಯ ಮಾತಿಗೆ ಅವಕಾಶ ಕೊಟ್ಟಿತು.

ಗಿಂಡಿಯ ಹಿಂದೂಸ್ತಾನ್ ಟೆಲಿಪ್ರಿಂಟರ್ಸ್ ಇದಕ್ಕೆ ಕನ್ನಡಿ. 1960ರಲ್ಲಿ ಇಟಲಿಯ ಒಲಿವೆಟ್ಟಿಯ ಸಹಯೋಗದಲ್ಲಿ ಹುಟ್ಟಿದ ಈ ಕೇಂದ್ರ ಸರ್ಕಾರಿ ಕಾರ್ಖಾನೆ ದೇಶದ ತಂತಿ ಕಚೇರಿಗಳಿಗೆ ಟೆಲಿಪ್ರಿಂಟರ್ ಒದಗಿಸಿತು. ಮೊದಲ ಯಂತ್ರಗಳಲ್ಲಿ ಸಣ್ಣ ಸಣ್ಣ ಲಿವರುಗಳೂ ಸ್ಪ್ರಿಂಗುಗಳೂ ಕ್ಯಾಮುಗಳೂ ತುಂಬಿರುತ್ತಿದ್ದವು. ಅವನ್ನು ಕೂದಲೆಳೆಯಷ್ಟು ಹೊಂದಿಸುವುದು ಬೆರಳ ತುದಿಯ ವಿದ್ಯೆ. ಎಲೆಕ್ಟ್ರಾನಿಕ್ ಟೆಲಿಪ್ರಿಂಟರ್ ಬಂದಾಗ ಆ ವಿದ್ಯೆಯ ಬೆಲೆ ಇಳಿಯಿತು. ಮುಂದೆ ಟೆಲಿಪ್ರಿಂಟರ್ ಎಂಬ ವಸ್ತುವೇ ಬೇಡವಾಯಿತು. 2001ರಲ್ಲಿ ಸರ್ಕಾರ ತನ್ನ ಪಾಲಿನ ಶೇ. 74ನ್ನು ಖಾಸಗಿಯವರಿಗೆ ಮಾರಿತು. ಇಡೀ ಉದ್ಯಮದ ನೆಲವೇ ಕುಸಿದಾಗ ಒಪ್ಪಂದ ಪತ್ರದ ದರ್ಜೆಗಳು ಕಾರ್ಮಿಕನನ್ನು ಕಾಪಾಡಲಾರವು. ಬೇರೆಡೆ ಸಲ್ಲುವ ಕಲಿಕೆ ಮಾತ್ರ ಕಾಪಾಡೀತು. ಶ್ರೀಪೆರಂಬುದೂರಿನ ನೋಕಿಯಾ ಕಾರ್ಖಾನೆ 2014ರ ನವೆಂಬರ್ 1ರಂದು ಮುಚ್ಚಿದಾಗಲೂ ಇದೇ ಆಯಿತು. ಅಲ್ಲಿ ದುಡಿದವರಲ್ಲಿ ಹೆಚ್ಚಿನವರು ಹಳ್ಳಿಗಳಿಂದ ಬಂದ ಹೆಣ್ಣುಮಕ್ಕಳು. ಮೊಬೈಲ್ ಜೋಡಿಸುವ ಅವರ ಚುರುಕು ಕೈಗಳಿಗೆ ಆ ಸಾಲಿನ ಆಚೆ ದರ್ಜೆಯೂ ಇರಲಿಲ್ಲ, ಹೆಸರೂ ಇರಲಿಲ್ಲ.

ಬೆಂಗಳೂರಿನ ಹೋಲಿಕೆ

ಬೆಂಗಳೂರಿನಲ್ಲಿ ಸಾರ್ವಜನಿಕ ಉದ್ಯಮಗಳ ದೆಸೆಯಿಂದ ಕಥೆ ಬೇರೆ ಬಗೆಯಲ್ಲಿ ಬೆಳೆಯಿತು. ಎಚ್‌ಎಎಲ್, ಟೆಲಿಫೋನ್ ತಯಾರಿಸುವ ಐಟಿಐ, ಎಚ್‌ಎಂಟಿ, ಬಿಇಎಲ್ ಕಾರ್ಖಾನೆಗಳು ತಮ್ಮದೇ ತರಬೇತಿ ಶಾಲೆ ಇಟ್ಟುಕೊಂಡವು. ಖಾಸಗಿ ವಲಯದಲ್ಲಿ ಆಡುಗೋಡಿಯ ಮೈಕೋ ಜರ್ಮನ್ ಮಾದರಿಯ ಅಪ್ರೆಂಟಿಸ್ ಕೇಂದ್ರ ನಡೆಸಿತು. ಅಲ್ಲಿ ಕಲಿತವನು ಖಾಯಂ ಆಗುವ ಭರವಸೆಯಿಂದ ಕಲಿಯುತ್ತಿದ್ದ. ಮಾರ್ಕ್ ಹೋಮ್‌ಸ್ಟ್ರಾಮ್ 1976ರ ತಮ್ಮ ಪುಸ್ತಕದಲ್ಲಿ ಬೆಂಗಳೂರಿನ ಕಾರ್ಖಾನೆ ನೌಕರಿಯನ್ನು ಕೋಟೆಗೆ ಹೋಲಿಸಿದರು: ಒಳಗಿದ್ದವನಿಗೆ ಭದ್ರತೆ, ಹೊರಗಿದ್ದವನಿಗೆ ಗೋಡೆ. 1984ರ ಪುಸ್ತಕದಲ್ಲಿ ಅವರೇ ಆ ಚಿತ್ರವನ್ನು ತಿದ್ದಿಕೊಂಡರು. ಒಳಗೂ ಹೊರಗೂ ನಡುವೆ ಹಲವು ಮೆಟ್ಟಿಲುಗಳು ಕಂಡಿದ್ದವು. 1980ರ ಡಿಸೆಂಬರ್ ಕೊನೆಯಿಂದ 1981ರ ಮಾರ್ಚ್‌ವರೆಗೆ 77 ದಿನ ನಡೆದ ಸಾರ್ವಜನಿಕ ಉದ್ಯಮಗಳ ಮುಷ್ಕರದ ಕೇಂದ್ರ ಬೇಡಿಕೆ ಬಿಎಚ್‌ಇಎಲ್ ಕಾರ್ಮಿಕರಿಗೆ ಸಮನಾದ ವೇತನ. ಸಮಾನ ಕೌಶಲಕ್ಕೆ ಸಮಾನ ಕೂಲಿ ಎಂಬ ಮಾತನ್ನು ಇಡೀ ಊರಿಗೆ ಕೇಳಿಸಿದ ಮುಷ್ಕರ ಅದು. ಪೀಣ್ಯದ ಸಣ್ಣ ಘಟಕಗಳಿಗೆ ಆ ದನಿ ಮುಟ್ಟಲಿಲ್ಲ; ಅಲ್ಲಿನ ಪಾಡು ಗಿಂಡಿಯ ಶೆಡ್ಡುಗಳದ್ದೇ.

ಹೊರದೇಶಗಳಲ್ಲಿ ಕಲಿಕೆಯನ್ನು ನೇರವಾಗಿ ಕೈಗೆತ್ತಿಕೊಂಡ ಸಂಘಗಳಿವೆ. ಜರ್ಮನಿಯಲ್ಲಿ ಅಪ್ರೆಂಟಿಸನ ಸಂಭಾವನೆಯೇ ಸಾಮೂಹಿಕ ವೇತನ ಒಪ್ಪಂದದ ಭಾಗ. ಕಸುಬಿನ ಪರೀಕ್ಷಾ ಮಂಡಳಿಗಳಲ್ಲಿ ಕಾರ್ಮಿಕರ ಪ್ರತಿನಿಧಿಗಳು ಕೂರುತ್ತಾರೆ. ಬ್ರಿಟನ್ 1998ರಲ್ಲಿ ಸಂಘಗಳ ಮೂಲಕ ಕಲಿಸಲು ನಿಧಿ ತೆರೆಯಿತು, 2002ರ ಕಾಯಿದೆಯಿಂದ ಸಂಘದ ಕಲಿಕಾ ಪ್ರತಿನಿಧಿಗೆ ಸಂಬಳ ಸಹಿತ ಬಿಡುವಿನ ಹಕ್ಕು ಕೊಟ್ಟಿತು. ಇಂಗ್ಲೆಂಡಿನಲ್ಲಿ ಆ ನಿಧಿ 2021ರಲ್ಲಿ ನಿಂತಿತು.

ಇತ್ತೀಚಿನ ಬೆಳವಣಿಗೆ

ಗಿಂಡಿಯ ಎಷ್ಟೋ ಶೆಡ್ಡುಗಳ ಜಾಗದಲ್ಲಿ ಈಗ ಗಾಜಿನ ಕಟ್ಟಡಗಳು, ಸಾಫ್ಟ್‌ವೇರ್ ಕಚೇರಿಗಳು. ಲೇತಿನ ಕೆಲಸ ಅಂಬತ್ತೂರು, ಒರಗಡಂ, ಶ್ರೀಪೆರಂಬುದೂರುಗಳತ್ತ ಸರಿದಿದೆ. ಶ್ರೀಪೆರಂಬುದೂರಿನಲ್ಲಿ 2024ರ ಸೆಪ್ಟೆಂಬರ್ 9ರಿಂದ 37 ದಿನ ಸ್ಯಾಮ್‌ಸಂಗ್ ಕಾರ್ಮಿಕರು ಮುಷ್ಕರ ಹೂಡಿದರು. ಕೂಲಿಗಿಂತ ಮೊದಲು ಅವರು ಕೇಳಿದ್ದು ತಮ್ಮ ಸಂಘಕ್ಕೆ ಮಾನ್ಯತೆ, 1918ರಲ್ಲಿ ಪೆರಂಬೂರಿನಲ್ಲಿ ಕೇಳಿದ್ದನ್ನೇ. ನೋಂದಣಿ ಸಿಕ್ಕಿದ್ದು 2025ರ ಜನವರಿಯಲ್ಲಿ. ಗಾಜಿನ ಕಟ್ಟಡಗಳೊಳಗೆ ತರಬೇತಿಯ ಜಗಳಕ್ಕೆ ಬಾಂಡ್ ಎಂದು ಹೆಸರು: ಕಲಿಸಿದ್ದಕ್ಕೆ ಇಷ್ಟು ವರ್ಷ ಇರಬೇಕು, ಬಿಟ್ಟರೆ ಇಷ್ಟು ಹಣ ಕಟ್ಟಬೇಕು. ಬ್ಯಾಂಕೊಂದರ ಇಂಥ 2 ಲಕ್ಷ ರೂಪಾಯಿಯ ಷರತ್ತನ್ನು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಬೆಕರ್ ಎತ್ತಿದ ಪ್ರಶ್ನೆಗೆ, ಸಂಘವಿಲ್ಲದ ಕಡೆ ಉತ್ತರ ಕೊಡಬೇಕಾದವನು ನೌಕರನೇ.

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆ 1947ರ ಕಾಯಿದೆಯ ಜಾಗಕ್ಕೆ ಬಂದಿದೆ. ಕಾರ್ಖಾನೆಯ ಶೇ. 51 ಕಾರ್ಮಿಕರ ಬೆಂಬಲವಿರುವ ಸಂಘಕ್ಕೆ ಅದು ಮಾತುಕತೆಯ ಸ್ಥಾನ ಕೊಡುತ್ತದೆ. ಕೆಲಸ ಕಳೆದುಕೊಂಡವರಿಗಾಗಿ ಮರುಕೌಶಲ ನಿಧಿ ಎಂಬ ಹೊಸ ಏರ್ಪಾಡೂ ಅದರಲ್ಲಿದೆ. ತೆಗೆದುಹಾಕಿದ ಪ್ರತಿ ಕಾರ್ಮಿಕನ ಲೆಕ್ಕದಲ್ಲಿ ಮಾಲೀಕ 15 ದಿನದ ಕೂಲಿ ಕಟ್ಟಬೇಕು. ಆದರೆ 15 ದಿನದ ಕೂಲಿಯಿಂದ ಹೊಸ ಕಸುಬು ಕಲಿಯಲಾಗದು: ಐಟಿಐಯಲ್ಲಿ ಫಿಟ್ಟರ್ ಕಸುಬಿನ ಅವಧಿಯೇ ಎರಡು ವರ್ಷ. ಕಾರ್ಮಿಕ ಎಂಬ ಪದದ ವಿವರಣೆಯೂ ಬದಲಾಗಿದೆ: ಹಳೆಯ ಕಾಯಿದೆ ಅಪ್ರೆಂಟಿಸನನ್ನು ಸೇರಿಸಿಕೊಂಡು ಎಂದಿದ್ದ ಕಡೆ, ಹೊಸ ಸಂಹಿತೆ ಅಪ್ರೆಂಟಿಸನನ್ನು ಹೊರತುಪಡಿಸಿ ಎಂದು ಬರೆದಿದೆ.